ಹಲ್ಲಿ ನುಡಿದ ಸಂಬಂಧ

ಹಲ್ಲಿಯ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ಚಿಟಗುಪ್ಪದ ರುಕ್ಮಿಣಿಬಾಯಿ ಒಪ್ಪುತ್ತಾರೆ. ಇದು ಮೊದಲೇ ಗೊತ್ತಿದ್ದರೆ ವೈಜನಾಥ ಮಾಮಾ ಆ ದಿನ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು ಎಂದು ಬರೆಯಲು ನನಗೂ ಆಸೆ. ಆದರೆ ಮಾಮಾ ಬಾಯಿ ಮುಚ್ಚಿದ್ದನ್ನು ಇಡೀ ಹುಮನಾಬಾದಿನಲ್ಲಿ ಯಾರೂ ಕಂಡವರಿಲ್ಲ. ನಿದ್ದೆಯಲ್ಲೂ ಅದು ತೆರೆದೇ ಇರುತ್ತದೆ.

ಮಾಮಾ ಎಂದರೆ ನನ್ನ ಮಾಮಾ ಅಲ್ಲ, ಧನರಾಜನ ಸೋದರಮಾವ. ಧನರಾಜ ಮೋರಖಂಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ನನ್ನ ಪಕ್ಕದ ಮನೆಯವನು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಜೋರಿಲ್ಲ. ಇದ್ದ ದೋಷ ಒಂದೇ: ನಾಲ್ಕು ಕಾಲಿಗಿಂತ ಹೆಚ್ಚು ಕಾಲಿರುವ ಅಥವಾ ಕಾಲೇ ಇಲ್ಲದ ಯಾವ ಪ್ರಾಣಿಯನ್ನೂ ಅವನು ಸಹಿಸಲಾರ. ಜಿರಲೆ ಕಂಡರೆ ಗಿರಣಿ ಬಂದ್ ಮಾಡಿ ಹೊರಗೆ ಬಂದು ನಿಲ್ಲುತ್ತಿದ್ದ. ಜೋಳ ತಂದ ಹೆಂಗಸರೇ ಒಳಗೆ ಹೋಗಿ ಅದನ್ನು ಓಡಿಸಿ, "ಬಾರಪ್ಪಾ, ಹೋತು" ಎಂದು ಕರೆಯಬೇಕು. ಹಲ್ಲಿಗೆ ನಾಲ್ಕೇ ಕಾಲಿದ್ದರೂ ಅದಕ್ಕೆ ವಿಶೇಷ ವಿನಾಯಿತಿ ಏನೂ ಇರಲಿಲ್ಲ.

ಇಂಥವನಿಗೆ ಹೆಣ್ಣು ನೋಡುವ ಕೆಲಸ ವರ್ಷಗಟ್ಟಲೆ ನಡೆದಿತ್ತು. ಈಗಿನ ಕಾಲದಲ್ಲಿ ಹಳ್ಳಿಯ ಹುಡುಗನನ್ನು ಹುಡುಗಿಯ ಮನೆಯವರು ನೋಡುವ ರೀತಿ ನಿಮಗೂ ಗೊತ್ತು. ಮೊದಲು ನೌಕರಿ ಕೇಳುತ್ತಾರೆ, ಆಮೇಲೆ ಚಹಾ ಕೊಡುತ್ತಾರೆ. ನೌಕರಿ ಇಲ್ಲವೆಂದರೆ ಚಹಾಕ್ಕೆ ಸಕ್ಕರೆ ಕಡಿಮೆ. ಸಪ್ಪೆ ಚಹಾ ಕುಡಿದು ಕುಡಿದು ಧನರಾಜನ ತಾಯಿ ಅಂಬುಬಾಯಿ ಬೇಸತ್ತಿದ್ದರು. ಆಗ ಮಾಮಾ ಚಿಟಗುಪ್ಪದ ಅಂಬರೀಷನ ಮಗಳು ಪೂನಮಳ ಸುದ್ದಿ ತಂದರು.

ಹೆಣ್ಣು ನೋಡಲು ಹೋದಾಗ ನಾನೂ ಇದ್ದೆ. ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಬಂತು, ಹುಡುಗಿಯೂ ಬಂದು ತಲೆ ತಗ್ಗಿಸಿ ಕೂತಳು. ಹುಡುಗಿಯ ಅಜ್ಜಿ ರುಕ್ಮಿಣಿಬಾಯಿ ಎಲ್ಲ ಕೇಳಿದರು, ಕೊನೆಗೆ ಯಾರೂ ಕೇಳದ್ದೊಂದು ಕೇಳಿದರು.

"ನಿಮ್ಮೂರ ಕಡಿ ಹಾವು-ಚೇಳು ಹ್ಯಾಂಗ್ರಿ? ನಮ್ಮ ಪೂನಮಗ ಹಾವಂದ್ರ ಭಾಳ ಅಂಜಿಕಿ."

ಹಾವು ಎಲ್ಲ ಊರಲ್ಲೂ ಇರುತ್ತದೆ, ಮೋರಖಂಡಿಯಲ್ಲೂ ಇದೆ ಎಂದರೆ ಮುಗಿಯುತ್ತಿತ್ತು. ಮಾಮಾ ಮಿರ್ಚಿ ನುಂಗಿ ಕೈ ಎತ್ತಿದರು.

"ಹಾವು? ಇದ್ವು ರೀ, ನಾ ಇಲ್ಲ ಅನ್ನಂಗಿಲ್ಲ. ನಮ್ಮ ಹುಡುಗ ಒಂದರ ಉಳಿಸ್ಯಾನೇನು? ಬರೇ ಕೈಲೆ ಹಿಡದು, ಡಬ್ಬ್ಯಾಗ ಹಾಕಿ, ಅಡವಿಗಿ ಬಿಟ್ಟು ಬರ್ತಾನ್ರಿ! ಸುತ್ತ ಹತ್ತ ಹಳ್ಳಿಯವರು ಇವನ್ನ ಕರಕೊಂಡು ಹೋಗ್ತಾರ!"

ಅಷ್ಟರಲ್ಲಿ ಗೋಡೆಯ ಗಡಿಯಾರದ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು.

ರುಕ್ಮಿಣಿಬಾಯಿ ತಕ್ಷಣ ಬೆರಳ ಗಿಣ್ಣಿನಿಂದ ನೆಲ ತಟ್ಟಿದರು. "ಖರೆ ಅದ. ಹಲ್ಲಿ ನುಡೀತು." ಅಂಬರೀಷನೂ ತಟ್ಟಿದ. ಅಂಬುಬಾಯಿಯೂ ತಟ್ಟಿದರು. ಚಿಕ್ಕಂದಿನಿಂದ ಬಂದ ರೂಢಿ ನೋಡಿ, ಸುಳ್ಳೆಂದು ಗೊತ್ತಿದ್ದೂ ನಾನೂ ತಟ್ಟಿದೆ. ಇಷ್ಟು ಜನ ನೆಲ ತಟ್ಟಿದ ಮೇಲೆ ಅದು ಸುಳ್ಳಾಗಿ ಉಳಿಯುವುದಾದರೂ ಹೇಗೆ?

ಧನರಾಜ ಮಾತ್ರ ಗಡಿಯಾರವನ್ನೇ ನೋಡುತ್ತಿದ್ದ. ಹಲ್ಲಿ ತನ್ನ ಮೇಲೆ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂದು ಲೆಕ್ಕ ಹಾಕುತ್ತಿದ್ದನಂತೆ. ಆಗ ಪೂನಮ ತಲೆ ಎತ್ತಿದಳು. ಅವನನ್ನು ನೋಡಿದಳು. ಅಂಥ ನೋಟ ಅವನ ಮೇಲೆ ಬಿದ್ದದ್ದು ಅದೇ ಮೊದಲು. ಉಳಿದ ಹುಡುಗಿಯರೆಲ್ಲ ಅವನ ಚಪ್ಪಲಿ ನೋಡಿ ಎದ್ದು ಹೋದವರು.

"ಖರೆ ಹಿಡಿತೀಯೇನಪ್ಪಾ?" ಎಂದರು ಅಜ್ಜಿ.

ಧನರಾಜ ಪೂನಮಳ ಕಡೆ ನೋಡಿದ. "ಹೌದ್ರಿ ಆಯಿ" ಎಂದ. ಆಮೇಲೆ ಆತ್ಮಸಾಕ್ಷಿ ಸ್ವಲ್ಪ ಕುಟುಕಿತೋ ಏನೋ, "ಸಣ್ಣವು ಇದ್ರ..." ಎಂದು ಸೇರಿಸಿದ.

"ನೋಡ್ರಿ, ಎಷ್ಟು ಸಾದಾ ಹುಡುಗ! ಜರಾನೂ ಬಡಾಯಿ ಇಲ್ಲ" ಎಂದು ರುಕ್ಮಿಣಿಬಾಯಿ ಆ ದಿನವೇ ಸಂಬಂಧ ಒಪ್ಪಿಕೊಂಡರು. ಚಹಾಕ್ಕೆ ಸಕ್ಕರೆ ಇಷ್ಟು ಬಿದ್ದಿತ್ತೆಂದರೆ ಅಂಬುಬಾಯಿಗೆ ಕಣ್ಣಲ್ಲಿ ನೀರೇ ಬಂತು.

ನಿಶ್ಚಯವಾದ ಮೇಲೆ ಪೂನಮ ಫೋನ್ ಮಾಡತೊಡಗಿದಳು. ಧನರಾಜ ಗಿರಣಿ ತಿರುಗಿಸುವ ರಬ್ಬರಿನ ಪಟ್ಟಾ ಇಳಿಸಿ, ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಮಾತಾಡುವನು. ಒಳಗೆ ಹೆಂಗಸರು ಡಬ್ಬಿ ಬಡಿದು ಕೂಗುವರು. ಮೊದಮೊದಲು ಅವನು ಹಾವಿನ ಕಥೆಗಳನ್ನೇ ಹೇಳಿದ. ಮೊಬೈಲಿನಲ್ಲಿ ಯಾರೋ ಹಿಡಿದದ್ದನ್ನು ನೋಡಿ, ಅದರಲ್ಲಿ ತನ್ನ ಕೈ ಸೇರಿಸಿ ಹೇಳುತ್ತಿದ್ದ. ನೋಡುವಾಗಲೂ ಮೊಬೈಲನ್ನು ದೂರ ಹಿಡಿದು, ಬೆರಳ ಸಂದಿಯಿಂದ ನೋಡುತ್ತಿದ್ದ. ಬರಬರುತ್ತ ಹಾವು ಬಿಟ್ಟು ಬೇರೆ ಮಾತು ಬಂದವು. ಅವನು ಗಿರಣಿಯಲ್ಲಿ ಒಬ್ಬನೇ ನಗುವುದು ಶುರುವಾಯಿತು. ಜೋಳಕ್ಕೆ ಗೋಧಿ, ಗೋಧಿಗೆ ಕಡಲೆ ಬೆರೆತು ಹೋದವು. ಊರು ಕ್ಷಮಿಸಿತು.

ಒಂದು ಮಧ್ಯಾಹ್ನ ಅವನು ಮುಖ ಸಣ್ಣದು ಮಾಡಿಕೊಂಡು ನಮ್ಮ ಕಟ್ಟೆಗೆ ಬಂದ.

"ಆಕಿ ಅವ್ವ ಸತ್ತಿದ್ದು ಹಾವ ಕಡದಂತೋ. ಕಟಗಿ ತರಾಕ ಹಿತ್ತಲಕ್ಕ ಹೋಗಿದ್ಳಂತ. ದವಾಖಾನಿ ದಾರ್ಯಾಗೇ ಜೀವ ಹೋತಂತ. ಅವತ್ತಿನಿಂದ ಆಕಿ ನೆಲ ನೋಡದ ಒಂದು ಹೆಜ್ಜಿ ಇಟ್ಟಿಲ್ಲ. ಈಗ ಏನಂತಾಳ ಗೊತ್ತೇನು? 'ನಿಮ್ಮ ಮನಿಗಿ ಬಂದ ಮ್ಯಾಲ ನಾ ಆರಾಮ ನಡೀತೀನಿ, ನೀವು ಇರ್ತೀರಲ್ಲ' ಅಂತಾಳ."

"ಹೇಳಿಬಿಡೋ ಖರೆ ಮಾತು" ಎಂದೆ.

"ಹೇಳ್ಬೇಕು" ಎಂದ. ಹೇಳಬೇಕೆಂದು ಮೊಬೈಲ್ ತೆಗೆದ. ಅಷ್ಟರಲ್ಲಿ ಹುಮನಾಬಾದಿನಿಂದ ಮಾಮಾ ಬಸ್ಸಿಳಿದು ಬಂದರು. ವಿಷಯ ಕೇಳಿ ಎದೆ ಎದೆ ಬಡಿದುಕೊಂಡರು.

"ಹುಚ್ಚಗಿಚ್ಚ ಹಿಡದದೇನು? ನೀ ಹೇಳಿದ್ರ ನಾ ಸುಳ್ಳ ಆಗ್ತೀನಿ, ಅದು ಹೋಗ್ಲಿ. ಹಲ್ಲಿ ಸುಳ್ಳ ಆಗ್ತದ! ಮುದುಕಿ ಅದನ್ನ ತಡಕೊಳ್ಳಂಗಿಲ್ಲ. ಅದಕ್ಕಿಂತ ಹಿಡಿಯೋದ ಕಲಿ. ನಾ ಕಲಸ್ತೀನಿ."

ಮಾಮಾನಿಗೆ ಹಾವು ಹಿಡಿಯಲು ಬರುತ್ತಿರಲಿಲ್ಲ. ಈಜಲು ಬಾರದೆಯೇ ಅವರು ಹಿಂದೆ ಇಬ್ಬರಿಗೆ ಈಜು ಕಲಿಸಿದ್ದರು. ಇಬ್ಬರೂ ಬದುಕಿದ್ದಾರೆ, ಅವರೊಂದಿಗೆ ಮಾತು ಬಿಟ್ಟಿದ್ದಾರೆ.

ಗಿರಣಿಯ ಹಳೆಯ ಪಟ್ಟಾ ಒಂದು ಮೂಲೆಯಲ್ಲಿ ಬಿದ್ದಿತ್ತು. ಮಾಮಾ ಅದಕ್ಕೆ ದಾರ ಕಟ್ಟಿ, ಬಾಗಿಲ ಹಿಂದೆ ನಿಂತು ಎಳೆದರು. ಪಟ್ಟಾ ಸರಿಯಿತು. ಧನರಾಜ ಒಂದೇ ಜಿಗಿತಕ್ಕೆ ಹಿಟ್ಟಿನ ಡಬ್ಬಿಯ ಮೇಲಿದ್ದ. ಅದೇ ಪಟ್ಟಾವನ್ನು ಅವನು ವರ್ಷಾನುಗಟ್ಟಲೆ ತನ್ನ ಕೈಯಾರೆ ಏರಿಸಿ ಇಳಿಸಿದ್ದ. ಗೋಧಿ ಬೀಸಿಸಲು ಬಂದಿದ್ದ ಹಜಿರಾ ಬೀ ಬಗ್ಗಿ ಅದನ್ನು ಎತ್ತಿಕೊಂಡಳು.

"ಯಾ ಅಲ್ಲಾ! ಇದಕ್ಕ ಅಂಜಾಕತ್ತಿ ಏನೋ ಬೇಟಾ? ಇದು ರಬ್ಬರ ಅದ."

"ಗೊತ್ತದ ಖಾಲಾ. ಆದ್ರ ಅದು ಸರೀತು" ಎಂದ ಧನರಾಜ, ಡಬ್ಬಿಯ ಮೇಲಿನಿಂದ.

ಈ ವಿದ್ಯಾಭ್ಯಾಸ ನಡೆದಿರುವಾಗಲೇ ಚಿಟಗುಪ್ಪದಿಂದ ಅಂಬರೀಷನ ಫೋನ್ ಬಂತು. ಪಕ್ಕದವರ ದನದ ಕೊಟ್ಟಿಗೆಯಲ್ಲಿ ಹಾವು ಹೊಕ್ಕಿದೆ, ಅಳಿಯಂದಿರು ಜರಾ ಬಂದು ಹೋಗಬೇಕು. ಧನರಾಜ ಮೊಬೈಲನ್ನು ಮಾಮಾನ ಕೈಗೆ ತುರುಕಿದ. ಮಾಮಾ ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡರು.

"ಬರ್ತಿದ್ದ ರೀ, ಖಂಡಿತ ಬರ್ತಿದ್ದ. ಆದ್ರ ನಿಶ್ಚಯ ಆದಾಗಿಂದ ತಲಿ ಮ್ಯಾಲ ಅಕ್ಕಿಕಾಳ ಬೀಳೋತನಕ ಮದಿಮಗ ಹಾವು ಮುಟ್ಟಬಾರದು ಅಂತ ನಮ್ಮ ಕಡಿ ನೇಮ ಅದ. ನಿಮ್ಮ ಕಡಿ ಇಲ್ಲೇನ್ರಿ?"

ಇಂಥ ನೇಮ ನಮ್ಮ ಕಡೆ ಇಲ್ಲ, ಯಾರ ಕಡೆಯೂ ಇಲ್ಲ. ಆದರೆ ಅಂಬರೀಷ ತಮ್ಮ ಕಡೆ ಇಲ್ಲವೆಂದು ಹೇಳಲು ನಾಚಿಕೊಂಡು, "ಅದ ರೀ, ಅದ, ಮರ್ತಿದ್ದೆ" ಎಂದುಬಿಟ್ಟ. ತಿಂಗಳೊಳಗೆ ಆ ನೇಮ ಚಿಟಗುಪ್ಪದಲ್ಲಿ ಎಷ್ಟು ಬೇರು ಬಿಟ್ಟಿತೆಂದರೆ, ಅಲ್ಲಿಯ ಇನ್ನೊಬ್ಬ ಮದುಮಗ ಸೊಳ್ಳೆ ಹೊಡೆಯುವುದನ್ನೂ ನಿಲ್ಲಿಸಿದ್ದನಂತೆ.

ಹೀಗೆ ಮದುವೆಯ ತನಕ ನೂಕಿಬಿಡಬಹುದೆಂದು ನಾವೆಲ್ಲ ನಂಬಿದೆವು. ಬಸ್ತಾ ಹಾಕುವ ದಿನ ಬಂತು. ಎರಡೂ ಕಡೆಯವರು ಕೂಡಿ ಮದುವೆಯ ಬಟ್ಟೆ ಆರಿಸುವುದಕ್ಕೆ ನಾವು ಬಸ್ತಾ ಎನ್ನುತ್ತೇವೆ. ಬಸವಕಲ್ಯಾಣದ ಒಂದು ಜವಳಿ ಅಂಗಡಿಯಲ್ಲಿ, ಬಿಳಿ ಗಾದಿಯ ಮೇಲೆ ಎರಡು ಮನೆಯವರೂ ಎದುರುಬದುರು ಕೂತಿದ್ದೆವು. ರುಕ್ಮಿಣಿಬಾಯಿಗೆ ಯಾವ ಸೀರೆಯೂ ಒಪ್ಪಿಗೆಯಿಲ್ಲ. ಕೆಲಸದವನು ಕೆಳಗಿನ ಖಾನೆಯಿಂದ ಒಂದು ಕಟ್ಟು ಎಳೆದ. ಕಟ್ಟಿನ ಜೊತೆಗೆ ಹಾವೂ ಬಂತು.

ಮೊಳಕ್ಕಿಂತ ಸ್ವಲ್ಪ ಉದ್ದವಿತ್ತು. ಯಾವ ಜಾತಿಯೆಂದು ಕೇಳಲು ಯಾರೂ ನಿಲ್ಲಲಿಲ್ಲ. ಅಂಗಡಿಯ ಮಾಲೀಕರು ಮೇಜಿನ ಮೇಲೆ ಹತ್ತಿ ಅಲ್ಲಿಂದ ಬಾಗಿಲಿಗೆ ಹಾರಿದರು. ಅವರ ವಯಸ್ಸಿಗೆ ಅದು ದೊಡ್ಡ ಸಾಧನೆ. ಮಾಮಾ ಹೋದದ್ದನ್ನು ಯಾರೂ ನೋಡಲಿಲ್ಲ, ಅವರು ಇಲ್ಲದ್ದನ್ನು ಮಾತ್ರ ಎಲ್ಲರೂ ನೋಡಿದೆವು. ಕ್ಷಣದಲ್ಲಿ ಅಂಗಡಿ ಖಾಲಿ, ರಸ್ತೆ ಭರ್ತಿ. ಆಗ ರುಕ್ಮಿಣಿಬಾಯಿಯ ದನಿ ಇಡೀ ಬಜಾರಿಗೆ ಕೇಳಿಸಿತು.

"ಯಾಕ ಓಡ್ತೀರಿ? ನಮ್ಮ ಅಳಿಯ ಇದ್ದಾನ! ಬರೇ ಕೈಲೆ ಹಿಡಿತಾನ!"

"ಆಯಿ, ನೇಮ..." ಎಂದ ಧನರಾಜ. ದನಿ ಅವನದೆಂದು ನನಗೇ ಗುರುತು ಸಿಗಲಿಲ್ಲ.

"ನೇಮ ಮುರದ್ರ ಪರಿಹಾರ ನಾ ಮಾಡಸ್ತೀನಿ. ಹೋಗಪ್ಪಾ, ಮಂದಿ ಅಂಜಾಕತ್ತದ!"

ಜನ ದಾರಿ ಬಿಟ್ಟಿತು. ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂದು, "ಸರೀರಿ, ಸರೀರಿ, ಹಿಡಿಯೋರಿಗಿ ಗಾಳಿ ಬರ್ಲಿ" ಎಂದು ಲಾಠಿ ಆಡಿಸಿದ. ಯಾರೋ ಬಡಿಗೆ ಕೊಟ್ಟರು, ಯಾರೋ ಟವೆಲ್ ಕೊಟ್ಟರು. ಬಾಲ ಹಿಡಿಯಬೇಕು ಎನ್ನುವವರಿಗೂ ತಲೆ ಹಿಡಿಯಬೇಕು ಎನ್ನುವವರಿಗೂ ಜಗಳವೇ ಹತ್ತಿತು. ಅವರಲ್ಲಿ ಒಬ್ಬನೂ ಒಳಗೆ ಬರಲು ತಯಾರಿರಲಿಲ್ಲ. ಮೊಬೈಲುಗಳೆಲ್ಲ ಮೇಲೆದ್ದವು. ಪೂನಮ ಹತ್ತಿರ ಬಂದು, "ಜ್ವಾಕಿ ರೀ" ಎಂದಳು.

ಧನರಾಜ ಒಳಗೆ ಹೋದ. ಅವನ ಕಾಲು ಹೋದವು ಎನ್ನಬೇಕು. ಕಾನ್‌ಸ್ಟೇಬಲ್ ಜನರನ್ನು ದೂರ ಸರಿಸಿದ್ದರಿಂದ, ಬಾಗಿಲ ಗಾಜಿಗೆ ಮುಖ ಹಚ್ಚಿದ್ದ ನನಗೆ ಮಾತ್ರ ಒಳಗಿನದು ಕಂಡಿತು: ಬಡಿಗೆಯನ್ನು ಗಾದಿಯ ಮೇಲೆ ಮೆಲ್ಲಗೆ ಇಟ್ಟ, ಮೇಜು ಹತ್ತಿದ, ಮೇಜಿನಿಂದ ಸೀರೆಯ ಕಪಾಟು ಹತ್ತಿದ. ಹಾವು ಅವನನ್ನು ನೋಡಿ ಬೇಸತ್ತಂತೆ ಹಿಂದಿನ ನೀರು ಹೋಗುವ ಕಿಂಡಿಯಿಂದ ಪಕ್ಕದ ಓಣಿಗೆ ಇಳಿಯಿತು. ಓಣಿಯಲ್ಲಿ ಕೂಗು ಎದ್ದಿತು, ರಸ್ತೆಯ ಜನವೆಲ್ಲ ಅತ್ತ ಓಡಿತು. ಅದೇ ಹೊತ್ತಿಗೆ ಕಪಾಟು ವಾಲಿ, ಮದುವೆ ಸೀರೆಗಳ ಸಮೇತ ಧನರಾಜ ಕೆಳಗೆ ಬಿದ್ದು, "ಅವ್ವಾ!" ಎಂದು ಕಿರುಚಿದ.

ಹಾವು ಹೋದದ್ದು ಪೂನಮಳಿಗೆ ಗೊತ್ತಿರಲಿಲ್ಲ. ಅವಳು ಬರಿಗಾಲಲ್ಲೇ ಒಳಗೆ ಓಡಿದಳು. ನೆಲದ ತುಂಬ ಸೀರೆ, ಸೀರೆಯ ಕೆಳಗೆ ಏನಿದೆಯೋ ಕಾಣದು. ಅವಳು ಒಮ್ಮೆಯೂ ಕೆಳಗೆ ನೋಡಲಿಲ್ಲ. ನಾನು ಹೊಸ್ತಿಲವರೆಗೆ ಹೋದೆ. ಹಾವು ಹೋದದ್ದನ್ನು ಕಣ್ಣಾರೆ ಕಂಡಿದ್ದರೂ ಅದಕ್ಕಿಂತ ಮುಂದೆ ಹೋಗಲಿಲ್ಲ, ನನಗೂ ಹೆಂಡತಿ ಮಕ್ಕಳಿದ್ದಾರೆ.

ಅವಳು ಸೀರೆ ಸರಿಸಿ ಅವನನ್ನು ಎಳೆದು ಕೂರಿಸಿದಳು. ಅವನು ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದು, ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. "ಹೋತೇನು? ಹೋತೇನು ಅದು?"

ಪೂನಮಳಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಸಿಟ್ಟಾಗುವಳೆಂದು ನಾನು ಅಂದುಕೊಂಡೆ. ಅವಳು ಸಿಟ್ಟಾಗಲಿಲ್ಲ. ಇನ್ನೂ ಹತ್ತಿರ ಬಗ್ಗಿ ಕೇಳಿದಳು.

"ನನ್ನ ಕೈಕಾಲೂ ನಡಗಾಕತ್ತಾವ ನೋಡ್ರಿ. ನಿಮಗೂ ಅಂಜಿಕಿ ಅದ, ಹೌದಲ್ಲ? ಅದ ಅಂತ ಅನ್ರಿ ಸಾಕು. ನಾ ಏನೂ ಅನ್ನಂಗಿಲ್ಲ. ಇಬ್ಬರೂ ಕೂಡೇ ಅಂಜಕೋತ ಇರೋಣು."

ದೇವರಾಣೆ, ಅದಕ್ಕಿಂತ ದೊಡ್ಡ ಮಾತನ್ನು ಯಾವ ಹುಡುಗಿಯೂ ಯಾವ ಹುಡುಗನಿಗೂ ಹೇಳಿರಲಾರಳು. ಆದರೆ ಅಷ್ಟರಲ್ಲಿ ಓಣಿಯ ಜನ ಹೋ ಎಂದು ಮುಂಬಾಗಿಲಿಗೆ ಬಂತು. "ಓಡಿಸಿಬಿಟ್ರು! ಕಿಂಡ್ಯಾಗಿಂದ ಓಡಿಸಿಬಿಟ್ರು!" ಎಂದು ಕಾನ್‌ಸ್ಟೇಬಲ್ ಚಪ್ಪಾಳೆ ಹೊಡೆದ. ಮಾಲೀಕರು ಹೂವಿನ ಹಾರ ತಂದಿದ್ದರು. ಅವರ ಹಿಂದೆ, ಅಲ್ಲೇ ಇದ್ದವರಂತೆ, ಮಾಮಾ.

ಧನರಾಜ ಹಾರ ನೋಡಿದ, ಮೊಬೈಲುಗಳನ್ನು ನೋಡಿದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದು ನಿಂತ.

"ಅಂಜಿಕಿ? ನನಗ?" ಎಂದ, ಎಲ್ಲರಿಗೂ ಕೇಳುವ ಹಾಗೆ. "ಹೇ, ಕಾಲು ಜಾರಿತಷ್ಟ."

ಪೂನಮ ಕೈ ಬಿಡಿಸಿಕೊಂಡಳು. ಅದನ್ನು ನೋಡಿದವನು ನಾನೊಬ್ಬನೇ. ಆಮೇಲೆ ಬಸ್ತಾ ಮುಂದುವರಿಯಿತು. ಯಾವ ಸೀರೆ ತೋರಿಸಿದರೂ ಅವಳು "ಆಗ್ಲಿ" ಎಂದಳು.

ವಾರದೊಳಗೆ ಸುದ್ದಿ ಬಂತು. ಹುಡುಗಿ ಒಲ್ಲೆ ಎನ್ನುತ್ತಾಳೆ. ಯಾಕೆಂದು ಅಪ್ಪ ಕೇಳಿದ, ಅಜ್ಜಿ ಕೇಳಿದರು, ಊರೇ ಕೇಳಿತು. "ನನ್ನ ಮನಸ್ಸು ಒಪ್ಪವಲ್ದು" ಎಂಬ ಒಂದು ಮಾತಿನ ಹೊರತು ಅವಳ ಬಾಯಿಂದ ಇನ್ನೇನೂ ಬರಲಿಲ್ಲ. ಧನರಾಜ ಸೀರೆಯ ರಾಶಿಯಲ್ಲಿ ಅತ್ತದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬಸವಕಲ್ಯಾಣದಿಂದ ಹುಮನಾಬಾದಿನ ತನಕ ನಕ್ಕು ಸಾಯುತ್ತಿದ್ದರು, ಅವಳ ತಪ್ಪೂ ಇರುತ್ತಿರಲಿಲ್ಲ. ಈಗ ತಪ್ಪೆಲ್ಲ ಅವಳದಾಯಿತು. ಇಂಥ ಗಂಡನ್ನು ಬಿಟ್ಟಳಲ್ಲ, ಸೊಕ್ಕು, ಎಂದರು ಜನ.

ಇತ್ತ ಧನರಾಜನ ಹೆಸರು ಬೆಳೆಯಿತು. ವಿಡಿಯೋದಲ್ಲಿ ಅವನು ಒಳಗೆ ಹೋಗುವುದಿದೆ, ಹಾರ ಹಾಕಿಸಿಕೊಳ್ಳುವುದಿದೆ, ನಡುವಿನದು ಇಲ್ಲ. ಮುಡಬಿಯಿಂದ ಕೂಡ ಹಾವು ಹಿಡಿಯಲು ಕರೆ ಬರತೊಡಗಿದವು. ಈಗ ಅವನು ಖರೆ ಹೇಳಲು ಶುರು ಮಾಡಿದ. "ನನಗ ಹಾವಂದ್ರ ಜೀವ ಹೋಗ್ತದ್ರೀ" ಎಂದರೆ, ದೊಡ್ಡವರು ಹೀಗೇ ಮಾತಾಡುತ್ತಾರೆಂದು ಜನ ಇನ್ನಷ್ಟು ಕೈ ಮುಗಿದರು. ಗಿರಣಿಗೆ ಬಂದವರಿಗೆಲ್ಲ ಹೇಳಿದ. ಹಜಿರಾ ಬೀ ಒಬ್ಬಳೇ ನಂಬಿದಳು. "ನನಗ ಯಾಕ ಹೇಳ್ತಿ ಬೇಟಾ, ಆಕಿಗಿ ಹೇಳ್ಬೇಕಿತ್ತು" ಎಂದಳು.

ಪೂನಮಳ ಮದುವೆ ಮುಡಬಿಯಲ್ಲಿ ಟಂಟಂ ಆಟೋ ಓಡಿಸುವ ಒಬ್ಬ ಹುಡುಗನ ಜೊತೆ ಆಯಿತು. ರುಕ್ಮಿಣಿಬಾಯಿ ಮೊಮ್ಮಗಳೊಂದಿಗೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ, ಮದುವೆಯಲ್ಲೂ ಮುಖ ತಿರುಗಿಸಿ ಕೂತಿದ್ದರು ಎಂಬ ಸುದ್ದಿ ಬಂದ ದಿನ ಧನರಾಜ ಊಟ ಮಾಡಲಿಲ್ಲ. ಮರುದಿನ ಗಿರಣಿಗೆ ಬೀಗ ಹಾಕಿ ನನ್ನನ್ನು ಎಬ್ಬಿಸಿದ.

"ಚಿಟಗುಪ್ಪಕ್ಕ ಹೋಗೂಣ ಬಾ. ತಪ್ಪ ನಂದು, ಮುದುಕಿ ಆಕಿನ್ನ ಯಾಕ ಬೈಬೇಕು?"

ರುಕ್ಮಿಣಿಬಾಯಿ ನಮ್ಮನ್ನು ಕಂಡು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಧನರಾಜ ಕೂರಲೂ ಇಲ್ಲ. ನಿಂತೇ ಎಲ್ಲ ಹೇಳಿದ. ತನಗೆ ಹಾವು ಹಿಡಿಯಲು ಬರುವುದಿಲ್ಲ, ಜಿರಲೆಗೂ ಅಂಜುತ್ತೇನೆ, ಅಂಗಡಿಯಲ್ಲಿ ಕಪಾಟು ಹತ್ತಿದ್ದೆ, ಬಿದ್ದು ಅತ್ತೆ, ನಿಮ್ಮ ಹುಡುಗಿಯೇ ನನ್ನನ್ನು ಎಬ್ಬಿಸಿದಳು. ಅವಳದು ಏನೂ ತಪ್ಪಿಲ್ಲ ಆಯಿ. ಅವನ ಜೀವಮಾನದಲ್ಲಿ ಅಷ್ಟು ಉದ್ದ, ಅಷ್ಟು ಸ್ಪಷ್ಟ ಅವನು ಮಾತಾಡಿರಲಿಲ್ಲ.

ಅಜ್ಜಿ ಎಲ್ಲ ಕೇಳಿ ಬಿಕ್ಕಿದರು.

"ನೋಡು, ಎಂಥಾ ಮನಸ್ಸು! ನಮ್ಮ ಹುಡುಗಿ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ! ಇಂಥಾ ಮನಷ್ಯಾ ಎಲ್ಲಿ ಸಿಗ್ತಾನ?"

"ಇಲ್ರಿ ಆಯಿ, ಖರೆ ಹೇಳಾಕತ್ತೇನಿ..."

"ಸುಮ್ಕಿರಪ್ಪಾ. ನಾ ಈಗೇ ಆಕಿಗಿ ಕೇಳಸ್ತೀನಿ." ಅಜ್ಜಿ ಫೋನ್ ಹಚ್ಚಿ, ಸ್ಪೀಕರ್ ಮಾಡಿ, ನಮ್ಮೆದುರೇ ಶುರು ಮಾಡಿದರು. "ಪೂನಮ, ಇಲ್ಲಿ ಯಾರ ಬಂದಾರ ಗೊತ್ತೇನು? ಮೋರಖಂಡಿ ಧನರಾಜ. ನಿನ್ನ ಮ್ಯಾಲಿನ ಮಾತು ತಗ್ಯಾಕ ಏನ್ ಹೇಳಾಕತ್ತಾನ ಕೇಳು, ತನಗ ಅಂಜಿಕಿ ಬರ್ತದಂತ, ಅತ್ತನಂತ. ಇಂಥಾವನ್ನ ಬಿಟ್ಟಿ ನೀ!"

ಆ ಕಡೆಯಿಂದ ಯಾವುದೋ ಟಂಟಂ ಹಾರ್ನ್ ಕೇಳಿಸಿತು.

"ಅವರೇ ಬಾಯಿ ಬಿಟ್ಟು ಹೇಳಿದ್ರೇನು, ಆಯಿ?"

"ಹೂಂ, ಅವನೇ. ಎಲ್ಲಾ ಸುಳ್ಳ."

ಆ ಕಡೆ ಹಾರ್ನ್ ಮತ್ತೊಮ್ಮೆ ಕೇಳಿಸಿತು.

"ಆಯಿ, ಅವರಿಗಿ ಚಾ ಮಾಡಿ ಕೊಡು" ಎಂದಳು ಪೂನಮ. ಫೋನ್ ಕಟ್ ಆಯಿತು.

ಅಜ್ಜಿ ಚಹಾ ಮಾಡಿ ತಂದರು. ಧನರಾಜ ಕಪ್ಪು ಹಿಡಿದು ಕೂತ. ನಾನು ಕುಡಿದು ಮುಗಿಸಿದೆ, ಅಜ್ಜಿ ಮೊಮ್ಮಗಳನ್ನು ಇನ್ನೊಂದು ಸುತ್ತು ಬೈದು ಮುಗಿಸಿದರು, ಅವನ ಕಪ್ಪು ಹಾಗೇ ಇತ್ತು. ಚಹಾ ಆರಿ, ಮೇಲೆ ಕೆನೆ ಕಟ್ಟಿತ್ತು. ಕೊನೆಗೆ ಒಂದು ಗುಟುಕು ಕುಡಿದ. ಅವನ ಕಣ್ಣಿಂದ ನೀರು ಇಳಿಯಿತು.

"ಭಾಳ ಬಿಸಿ ಅದ ಏನಪ್ಪಾ?" ಎಂದರು ಅಜ್ಜಿ.

"ಹೌದ್ರಿ ಆಯಿ" ಎಂದ ಧನರಾಜ. "ಭಾಳ ಬಿಸಿ ಅದ."